ಘಾಟು ಏಳದ ವ್ಯಾನು

ದೃಷ್ಟಿ, ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕೆಲಸವಿಲ್ಲದವರ ಹರಟೆ ಅದು ಎಂದೇ ನನ್ನ ಲೆಕ್ಕ. ಈಗಲೂ ನೀವು ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದರೆ ಹೂಂ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಸಂಜೆಯನ್ನು ಏನೆಂದು ತಿಳಿಯಬೇಕೋ ಅದೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ನಮ್ಮ ಮನೆಯವರಿಗೆ ಬೀಡಿ, ಇಸ್ಪೀಟು ಯಾವುದೂ ಇರಲಿಲ್ಲ. ಇದ್ದದ್ದು ಹಳೆಯ ಗಾಡಿಗಳ ಹುಚ್ಚು ಒಂದೇ. ರಾಣೆಬೆನ್ನೂರಿನಲ್ಲಿ ಯಾರೋ ಕಾರು ಮಾರುತ್ತಾರಂತೆ, ಹಲಗೇರಿಯಲ್ಲಿ ಯಾರದೋ ದನದ ಕೊಟ್ಟಿಗೆಯಲ್ಲಿ ಮೋಟಾರ್ ಸೈಕಲ್ಲು ಬಿದ್ದಿದೆಯಂತೆ ಎಂದು ಸುದ್ದಿ ಬಂದರೆ ಸಾಕು, ಊಟದ ತಾಟು ಬಿಟ್ಟು ಓಡುತ್ತಿದ್ದರು. ಹೀಗೆ ಒಂದು ಕರಿಯ ಕಾರು, ಎರಡು ಸ್ಕೂಟರು, ಒಂದು ಬುಲೆಟ್ಟು ಸೇರಿಕೊಂಡಿದ್ದವು. ಹಿಂದಿನ ಓಣಿಯ ನಮ್ಮ ಗೋದಾಮಿನಲ್ಲಿ ಅವಕ್ಕೆ ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ನನ್ನ ತವರಿನ ಕಪಾಟಿಗೆ ಮನೆಯಲ್ಲಿ ಜಾಗವಿರಲಿಲ್ಲ, ಇವರ ತುಕ್ಕಿಗೆ ಮಾತ್ರ ಇಡೀ ಗೋದಾಮಿತ್ತು.

ಆ ವರ್ಷ ಮಹಾನವಮಿಗೆ ಮುಂಚೆ ಹಾವೇರಿಯ ಗುಜರಿಯವನಿಂದ ಒಂದು ಹಳೆಯ ವ್ಯಾನು ತಂದರು. ಮುಂದೆ ಡ್ರೈವರಿಗೆ ಬೇರೆಯೇ ಕೋಣೆ, ಅವನ ಬೆನ್ನ ಹಿಂದೆ ಅಂಗೈಯಗಲದ ಜಾಳಿಗೆಯ ಕಿಂಡಿ. ಹಿಂಭಾಗ ಡಬ್ಬಿಯ ಹಾಗೆ ಮುಚ್ಚಿತ್ತು, ಒಳಗೆ ಎರಡು ಬೆಂಚು, ಬಾಗಿಲಿಗೆ ಹೊರಗಿನಿಂದ ಚಿಲಕ. ಮೊದಲು ಇದು ಯಾರದಿತ್ತು ಎಂದು ಕೇಳಿದೆ. “ಯಾರದರ ಇರವಲ್ದ್ಯಾಕ, ಈಗ ನಮ್ದಲ್ಲಾ” ಎಂದರು. ಹಗಲೂ ರಾತ್ರಿ ಕೂತು ರಿಪೇರಿ ಮಾಡಿ ಅದನ್ನು ಓಡುವ ಹಾಗೆ ಮಾಡಿದರು.

ಆಯುಧಪೂಜೆಗೆ ನಮ್ಮ ಕಡೆ ಖಂಡೇ ಪೂಜೆ ಎನ್ನುತ್ತಾರೆ. ಅದಾದ ಮೇಲೆ ಒಂದೊಂದು ಗಾಡಿಗೂ ನೆದರು, ಅಂದರೆ ದೃಷ್ಟಿ, ತೆಗೆಯುವುದು ನಮ್ಮ ರೂಢಿ. ಒಂದು ಹಿಡಿ ಒಣಮೆಣಸಿನಕಾಯಿಯನ್ನು ಉಪ್ಪಿನ ಜೊತೆ ಗಾಡಿಗೆ ನಿವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟೆದ್ದು ಎಲ್ಲರಿಗೂ ಕೆಮ್ಮು ಬಂದರೆ ಗಾಡಿಗೆ ಏನೂ ಇಲ್ಲ. ಘಾಟು ಏಳದಿದ್ದರೆ ನೆದರು ಬಲವಾಗಿದೆ ಎಂದರ್ಥ. ಅತ್ತೆಯವರು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಮೆಣಸಿನಕಾಯಿ ಸುಟ್ಟರೆ ಘಾಟೇಳದೆ ಮಲ್ಲಿಗೆಯ ವಾಸನೆ ಬರುತ್ತದೆಯೇ ಎಂದು ಒಳಗೊಳಗೇ ನಗುವೂ ಬರುತ್ತಿತ್ತು.

ಕಾರಿಗೆ ನಿವಾಳಿಸಿದೆ, ಎಲ್ಲರೂ ಕೆಮ್ಮಿದೆವು. ಸ್ಕೂಟರುಗಳಿಗೆ, ಬುಲೆಟ್ಟಿಗೆ ಮಾಡುವಷ್ಟರಲ್ಲಿ ಆರು ವರ್ಷದ ನನ್ನ ಮಗಳು ಸುಮಾ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಓಡಿದಳು. ಕೊನೆಗೆ ವ್ಯಾನಿನದು. ಕಾಯಿ ಕರ್ರಗಾದವು, ಹೊಗೆ ಎದ್ದಿತು, ಘಾಟು ಮಾತ್ರ ಇಲ್ಲ. ಬಗ್ಗಿ ಮೂಸಿ ನೋಡಿದೆ. ಅದೇ ಬುಟ್ಟಿಯಿಂದ ಇನ್ನೊಂದು ಹಿಡಿ ಹಾಕಿದೆ. ಆಗಲೂ ಯಾರೂ ಕೆಮ್ಮಲಿಲ್ಲ.

“ಇವತ್ತ ಈ ಗಾಡಿ ಹೊರಗ ತಗೀಬ್ಯಾಡಪಾ” ಎಂದರು ಅತ್ತೆ.

“ಕಾಯಿ ಹಸಿ ಅದಾವ ಬೇ. ಮೋಟೆಬೆನ್ನೂರತನಕಾ ಒಂದ್ ರೌಂಡ್ ಹೊಡಕೊಂಡ ಬರತೇನಿ” ಎಂದು ಇವರು ನಕ್ಕರು.

ಸುಮಾಳನ್ನು ಕರೆದು ಎತ್ತಿ ಹಿಂದೆ ಕೂಡಿಸಿದರು, ಚಿಲಕ ಹಾಕಿದರು, ಮುಂದೆ ಹೋಗಿ ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ ತಿರುವತೊಡಗಿದರು. ನನಗೆ ತಡೆಯಲಾಗಲಿಲ್ಲ. ಸದ್ದಿಲ್ಲದೆ ಬಾಗಿಲು ತೆಗೆದು, ಕೂಸಿನ ಬಾಯಿಗೆ ಕೈ ಅಡ್ಡ ಹಿಡಿದು ಇಳಿಸಿಕೊಂಡು, ಮತ್ತೆ ಚಿಲಕ ಹಾಕಿದೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಹಠಕ್ಕೆ ಬಿದ್ದು ಮತ್ತೆ ಹತ್ತಿಸುತ್ತಿದ್ದರು. ವ್ಯಾನು ಹೋಯಿತು. ಅಳುತ್ತಿದ್ದ ಮಗಳನ್ನು ಎತ್ತಿಕೊಂಡು ಮನೆಗೆ ಬಂದೆ.

ಮೋಟೆಬೆನ್ನೂರೇನು ದೂರವಲ್ಲ. ದೀಪ ಹಚ್ಚುವ ಹೊತ್ತಾಯಿತು, ಇವರ ಸುಳಿವಿಲ್ಲ. ಅತ್ತೆ ಬಾಗಿಲು ಬಿಟ್ಟು ಅಲುಗಲಿಲ್ಲ. ನಾನು ಸುಮಾಳಿಗೆ ಉಣ್ಣಿಸುತ್ತಿದ್ದಾಗ ಬಂದರು. ಅಂಗಿಯೆಲ್ಲ ಮಣ್ಣು, ಮೊಣಕೈ ತರಚಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು, “ಕೂಸು ಎಲ್ಲೋ ಬಿತ್ತು. ಸಿಗವಲ್ದು” ಎಂದರು.

ಆಮೇಲೆ ತಾಟಿನ ಮುಂದೆ ಕುಳಿತಿದ್ದ ಮಗಳನ್ನು ನೋಡಿದರು. ಓಡಿ ಬಂದು ಎತ್ತಿಕೊಳ್ಳುತ್ತಾರೆ ಎಂದುಕೊಂಡೆ. ಇಲ್ಲ, ಹಿಂದೆ ಸರಿದರು.

“ಇಕಿ ಯಾವಾಗ ಬಂದ್ಲು?”

“ಅಕಿ ಹೋಗೇ ಇಲ್ರಿ. ನೀವು ಹ್ಯಾಂಡಲ್ ತಿರವಾಕತ್ತಾಗ ನಾನ ಇಳಿಸ್ಕೊಂಡೆ.”

ಅವರು ಮಗಳಿಂದ ಕಣ್ಣು ಕೀಳಲಿಲ್ಲ. “ಹಂಗಾದ್ರ ದಾರಿತುಂಬ ನನ್ನ ಕೂಡ ಮಾತಾಡಿದ್ದು ಯಾರು?” ಎಂದು ಕೇಳಿದರು.

ಗೋದಾಮಿಗೆ ಬಂದು ವ್ಯಾನಿನ ಹಿಂದಿನ ಬಾಗಿಲು ತೆಗೆದರೆ ಒಳಗೆ ಯಾರೂ ಇರಲಿಲ್ಲವಂತೆ. ಚಿಲಕ ಹಾಕಿದ್ದು ಹಾಕಿದಂತೆಯೇ ಇದ್ದರೂ ಬುದ್ಧಿ ಓಡದೆ, ಮಗು ಬಿದ್ದೇಹೋಯಿತೆಂದು ಮತ್ತೆ ಅದೇ ದಾರಿಯಲ್ಲಿ ಹೋಗಿ, ಕತ್ತಲಲ್ಲಿ ರಸ್ತೆಯ ಬದಿಯ ಗಟಾರವನ್ನೆಲ್ಲ ಕೈಯಾಡಿಸಿ ಹುಡುಕಿದ್ದರು.

ವ್ಯಾನು ದೀಪಾವಳಿಗೆ ಮೊದಲೇ ಗುಜರಿಗೆ ಹೋಯಿತು. ಉಳಿದ ಗಾಡಿಗಳನ್ನು ಅವರು ಬಿಡಲಿಲ್ಲ, ಈಗಲೂ ಒರೆಸುತ್ತಾರೆ. ಆದರೆ ಆ ಧ್ವನಿ ಏನು ಮಾತಾಡಿತು ಎಂದು ಎಷ್ಟು ಸಲ ಕೇಳಿದರೂ ಎದ್ದು ಹೋಗಿಬಿಡುತ್ತಿದ್ದರು. ವರ್ಷಗಳು ಕಳೆದು, ಸುಮಾಳ ಮದುವೆಯಾಗಿ ಅವಳನ್ನು ಗಂಡನ ಮನೆಗೆ ಕಳಿಸಿ ಬಂದ ದಿನ ತಾವಾಗಿಯೇ ಹೇಳಿದರು.

ಧ್ವನಿ ಸುಮಾಳದೇ ಅಂತೆ. ಹೋಗುವಾಗೆಲ್ಲ ಅದು ಬೆನ್ನ ಹಿಂದಿನ ಕಿಂಡಿಯಿಂದ ಎಮ್ಮೆ, ಲಾರಿ ಎಂದು ಕಂಡದ್ದರ ಹೆಸರು ಹೇಳಿತಂತೆ. ಮೋಟೆಬೆನ್ನೂರಿನಿಂದ ತಿರುಗಿದ ಮೇಲೆ, “ಅಪ್ಪಾ, ನನ್ನ ನಿಮ್ಮನೀಗೆ ಕರಕೊಂಡ ಹೊಂಟೀ?” ಎಂದು ಕೇಳಿತಂತೆ. ಮಗುವಿನ ಚೇಷ್ಟೆ ಎಂದು ಇವರು ನಕ್ಕು, “ಹೂಂ ಅವ್ವಾ, ಇನ್ನ ಮ್ಯಾಲೆ ಅಲ್ಲೇ ಇರವಂತಿ” ಎಂದರಂತೆ.

ಕರೆದವರು ಇವರು. ಬಾಗಿಲು ತೆಗೆದವರೂ ಇವರೇ. ಆಗ ಇಳಿದದ್ದು ಏನು, ಎಲ್ಲಿಗೆ ಹೋಯಿತು ಎಂದು ನಮ್ಮಿಬ್ಬರಿಗೂ ಇಂದಿಗೂ ಗೊತ್ತಿಲ್ಲ. ನಾವು ಈಗಲೂ ಅದೇ ಮನೆಯಲ್ಲಿದ್ದೇವೆ.