ನೇರಳೆ ಬಣ್ಣದ ಇಂಟರ್ಮೀಡಿಯೇಟ್

ಯಲಹಂಕದ ಡಿಗ್ರಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಭಾಗ್ಯಶ್ರೀ ಬಾಗಲಕೋಟೆಯವರು. ಮದುವೆಯಾಗಿ ಕೆಂಪಾಪುರಕ್ಕೆ ಬಂದು ಎಷ್ಟೋ ವರ್ಷವಾದರೂ ಮಾತು ಮಾತ್ರ ಇನ್ನೂ ಘಟಪ್ರಭೆಯ ದಂಡೆಯಲ್ಲೇ ಇದೆ.

ಬೆಂಜೀನ್ ಪಾಠವೆಂದರೆ ಅವರಿಗೆ ಪ್ರಾಣ. ಆರು ಕಾರ್ಬನ್ನಿನ ಉಂಗುರಕ್ಕೆ ಹೊಸಬನೊಬ್ಬ ಬಂದು ಅಂಟಿಕೊಳ್ಳುತ್ತಾನೆ, ಹಳಬ ಇನ್ನೂ ಜಾಗ ಬಿಟ್ಟಿರುವುದಿಲ್ಲ. ಆ ನಡುಗಾಲದ ರೂಪವೇ ಇಂಟರ್ಮೀಡಿಯೇಟ್. ಅದನ್ನು ಬೋರ್ಡಿನ ಮೇಲೆ ಚೌಕ ಆವರಣದೊಳಗೆ ಬರೆದು ಮುಂದಿನ ಬಾಣಕ್ಕೆ ಹೋಗಿಬಿಡುವುದು ವಾಡಿಕೆ.

ಈ ಸಲ ರಾಜಾನುಕುಂಟೆಯಿಂದ ಬರುವ ರಮ್ಯ ಕೈ ಎತ್ತಿದಳು. "ಮೇಡಂ, ಇದನ್ನ ಯಾರಾದ್ರೂ ಕಣ್ಣಾರೆ ನೋಡಿದಾರಾ? ಇಲ್ಲ ಸುಮ್ನೆ ಬರ್ಕೊಂಡ್ಬಿಟ್ಟಿದೀವಾ?"

ಕ್ಲಾಸು ಗೊಳ್ಳೆಂದಿತು. ಭಾಗ್ಯಶ್ರೀ ನಗಲಿಲ್ಲ. ಇಷ್ಟು ವರ್ಷ ಪಾಠ ಮಾಡಿಯೂ ತಾನೂ ನೋಡಿಲ್ಲವಲ್ಲ ಎಂದು ಒಳಗೆ ಚುರುಕ್ಕೆಂದಿತು. "ನಾಳೆ ಲ್ಯಾಬಿಗೆ ಬರ್ರಿ, ತೋರಸ್ತೀನಿ," ಎಂದುಬಿಟ್ಟರು.

ಸಂಜೆ ರೊಟ್ಟಿ ಬಡಿಯುತ್ತ, ನಾಳೆ ಟ್ಯೂಬಿನಲ್ಲಿ ಅದರ ಬಣ್ಣ ಬರಿಸಿ ತೋರಿಸಬೇಕೆಂದು ಗಂಡ ಸಿದ್ದಲಿಂಗನಿಗೆ ಹೇಳಿದರು.

"ಬರಲಿಲ್ಲಂದ್ರ?" ಎಂದ ಆತ.

"ಬರ್ತದ ತಗೋರಿ," ಎಂದರು, ಧೈರ್ಯವಿಲ್ಲದೆಯೇ.

ಮರುದಿನ ಹುಡುಗ ಹುಡುಗಿಯರೆಲ್ಲ ಟೇಬಲ್ಲಿಗೆ ಮುತ್ತಿಕೊಂಡರು. ಭಾಗ್ಯಶ್ರೀ ಗ್ಲೌಸ್ ಹಾಕಿಕೊಂಡು, ಡೈನೈಟ್ರೋಬೆಂಜೀನಿನ ಚೂರು ಹರಳನ್ನು ಅಸಿಟೋನಿನಲ್ಲಿ ಕರಗಿಸಿ, ಕಾಸ್ಟಿಕ್ ಸೋಡಾ ನೀರು ಬಿಟ್ಟರು. ಏನೂ ಆಗಲಿಲ್ಲ. ಇನ್ನೊಂದು ಹನಿ. ಊಹೂಂ.

"ಇಂಟರ್ಮೀಡಿಯೇಟು ಹೆಬ್ಬಾಳ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದೆ ಮಗಾ," ಹಿಂದಿನಿಂದ ಯಾರೋ ಗುಸುಗುಟ್ಟಿದ. ಭಾಗ್ಯಶ್ರೀಯವರ ಕಿವಿ ಕೆಂಪಾಯಿತು.

ರಮ್ಯ ಅಸಿಟೋನ್ ಬಾಟಲಿಯ ಮೇಲೆ ಕೈಯಾಡಿಸಿ ಮೂಸಿದಳು. "ಮೇಡಂ, ಇದು ಅಸಿಟೋನ್ ಅಲ್ಲ, ಸ್ಪಿರಿಟ್. ಯಾರೋ ಖಾಲಿ ಬಾಟಲಿಗೆ ತುಂಬ್ಸಿಟ್ಟಿದಾರೆ."

"ನಿನಗ ಹೆಂಗ ಗೊತ್ತವಾ?"

"ನನ್ನ ನೇಲ್ ಪಾಲಿಶ್ ರಿಮೂವರೂ ಅಸಿಟೋನೇ ಮೇಡಂ. ಆ ವಾಸನೆ ಇದಕ್ಕಿಲ್ಲ." ಬ್ಯಾಗಿನಿಂದ ಪುಟ್ಟ ಶೀಶೆ ತೆಗೆದೂ ಕೊಟ್ಟಳು. ಒಳಗಿದ್ದದ್ದು ನೀರಿನಷ್ಟು ತಿಳಿಯಾಗಿತ್ತು.

ಹೊಸ ಟೆಸ್ಟ್ ಟ್ಯೂಬು, ಹೊಸ ಹರಳು, ರಮ್ಯಳ ರಿಮೂವರು. ಸೋಡಾ ನೀರಿನ ಹನಿ ಬಿದ್ದದ್ದೇ ತಡ, ನೇರಳೆ ಹಣ್ಣು ಹಿಂಡಿದ ಹಾಗೆ ಬಣ್ಣ ಏರಿತು.

"ನೋಡ್ರಿ!" ಭಾಗ್ಯಶ್ರೀ ಕೂಗಿಯೇಬಿಟ್ಟರು. "ಅಸಿಟೋನು ಉಂಗುರಕ್ಕ ಅಂಟ್ಕೊಂಡದ, ಅಲ್ಲಿದ್ದ ಹೈಡ್ರೋಜನ್ ಇನ್ನೂ ಎದ್ದು ಹೋಗಿಲ್ಲ. ಈ ಬಣ್ಣ ಅದರದ್ದೇ!"

ಮೊಬೈಲುಗಳೆಲ್ಲ ಮೇಲೆದ್ದವು. ರಮ್ಯ ಮಾತ್ರ ಫೋಟೋ ತೆಗೆಯದೆ ಕಣ್ಣರಳಿಸಿ ನಿಂತಿದ್ದಳು. "ಹಂಗಾದ್ರೆ ನಿಜ್ವಾಗ್ಲೂ ಇದೆ ಮೇಡಂ," ಎಂದಳು.

ಬೆಲ್ ಹೊಡೆಯಿತು. ಎಲ್ಲರೂ ಕ್ಯಾಂಟೀನಿಗೆ ಓಡಿದ ಮೇಲೆ ಭಾಗ್ಯಶ್ರೀ ಬಾಗಿಲು ಮುಂದೆ ಮಾಡಿ, ಇನ್ನೊಂದು ಟ್ಯೂಬು ತಗೊಂಡು, ರಮ್ಯ ಬಿಟ್ಟುಹೋಗಿದ್ದ ಶೀಶೆಯಿಂದ ತಮಗೋಸ್ಕರವೇ ಮತ್ತೊಮ್ಮೆ ಮಾಡಿ ನೋಡಿದರು.