ಬಿಷಪರ ವೇಷದಲ್ಲಿ ಅಪ್ಪ

ನಮ್ಮ ಅಪ್ಪ ವರ್ಷಕ್ಕೊಮ್ಮೆ ಬಿಷಪರಾಗುತ್ತಿದ್ದರು. ಶಿವಾಜಿನಗರದ ಬಳಿಯ ನಮ್ಮ ಚರ್ಚಿನಲ್ಲಿ ತಮಿಳರೇ ಹೆಚ್ಚು; ಹಬ್ಬದ ದಿನ ಕನ್ನಡದವರ ಪಾಲಿಗೆ ಸಿಗುತ್ತಿದ್ದುದು ಒಂದು ನಾಟಕ. ಕಥೆ ಮಧ್ಯಯುಗದ ಯುರೋಪಿನದು. ರಾಜನ ಮಂತ್ರಿಯಾಗಿದ್ದು, ಅವನ ಕೃಪೆಯಿಂದಲೇ ಬಿಷಪನಾದವನೊಬ್ಬ, ರಾಜ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾದಾಗ ಆಶೀರ್ವದಿಸಲು ಒಪ್ಪದೆ ಸೆರೆಗೆ ಹೋಗುತ್ತಾನೆ. ಮಂಡಿಯೂರಿದ ರಾಜ ಮತ್ತು ಹೊಸ ರಾಣಿಯ ಮುಂದೆ ಅಪ್ಪ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ ಮುಖ ತಿರುಗಿಸುವಾಗ ಒಬ್ಬರೂ ಕೆಮ್ಮುತ್ತಿರಲಿಲ್ಲ.

ನಾಟಕ ಮುಗಿದ ಮೇಲೆ, ವೇಷ ಕಳಚುವ ಮೊದಲು, ಜನ ಸಾಲಾಗಿ ಬಂದು ಅವರ ಮುಂದೆ ಮಂಡಿಯೂರುತ್ತಿದ್ದರು. ನಿಜವಾದ ಬಿಷಪರಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಜ್ವರದ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. "ನನ್ನ ಹತ್ರಾನೇ ಇಷ್ಟು ಜನ ಬರಲ್ಲ ಕಣ್ರೀ" ಎಂದು ಫಾದರ್ ಗೊಣಗುತ್ತಿದ್ದರು. ಆ ಸಾಲಿನಲ್ಲಿ ಬಂದ ಯಾರನ್ನೂ ಅಪ್ಪ ಹಾಗೇ ಕಳಿಸಿದವರಲ್ಲ.

ಅದನ್ನೇ ನಂಬಿ ತೊಂಬತ್ತರ ದಶಕದ ಒಂದು ಹಬ್ಬಕ್ಕೆ ಅಕ್ಕ ಬಂದಳು. ಹಲಸೂರಿನ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಅಪ್ಪ ಮನೆಗೆ ಸೇರಿಸಿರಲಿಲ್ಲ. ವೇಷದಲ್ಲಿದ್ದಾಗ ಇಲ್ಲ ಎನ್ನಲಾರರು ಎಂದುಕೊಂಡಿದ್ದಳು. ಇಬ್ಬರೂ ಮಂಡಿಯೂರಿದರು. ಅಪ್ಪನ ಕೈ ಎದ್ದಿತು, ಇಳಿಯಿತು, ಮುಖ ತಿರುಗಿತು, ಥೇಟ್ ನಾಟಕದಲ್ಲಿದ್ದಂತೆ. ಯಾರೋ ಚಪ್ಪಾಳೆ ತಟ್ಟಿದರೆಂದು ನನ್ನ ನೆನಪು. ಯಾರೂ ತಟ್ಟಲಿಲ್ಲ ಎನ್ನುತ್ತಾಳೆ ಅಮ್ಮ. ಆ ಸದ್ದು ಮಾತ್ರ ನನ್ನನ್ನು ಬಿಟ್ಟಿಲ್ಲ.

ಎಂ.ಎ. ಓದುವಾಗ ಆ ಬಿಷಪನ ಚರಿತ್ರೆ ಲೈಬ್ರರಿಯಲ್ಲಿ ಸಿಕ್ಕಿತು. ಅವನು ನಿರಾಕರಿಸಿರಲೇ ಇಲ್ಲ. ಆ ಮದುವೆಯನ್ನು ಆಶೀರ್ವದಿಸಿ, ಅರಮನೆಯ ಪಕ್ಕದಲ್ಲೇ ವಯಸ್ಸಾಗಿ ತೀರಿಕೊಂಡಿದ್ದ. ಅಪ್ಪನಿಗೆ ಹೇಳಬೇಕೆನಿಸಲಿಲ್ಲ.

ಎರಡು ಸಾವಿರದ ಇಸವಿಯಿಂದೀಚೆಗೆ, ನಾವು ಕಮ್ಮನಹಳ್ಳಿಗೆ ಬಂದ ಮೇಲೆ, ಅಪ್ಪನಿಗೆ ಮರೆವು ಶುರುವಾಯಿತು. ಬಂದವರೆಲ್ಲ ತಮ್ಮನ್ನು ಸೆರೆಗೆ ಒಯ್ಯಲು ಬಂದ ರಾಜಭಟರು. ಗ್ಯಾಸ್ ಸಿಲಿಂಡರಿನವನಿಗೂ ರಾಜರ ಆರೋಗ್ಯ ಹೇಗಿದೆ ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಅವರ ಉಗುರು ಕತ್ತರಿಸುತ್ತಿದ್ದೆ. ಕೈ ಎಳೆದುಕೊಂಡು ಕೇಳಿದರು: "ಮಂಡಿಯೂರಿದ್ರಲ್ಲ ಇಬ್ರು, ಅವ್ರಿಗೆ ಆಶೀರ್ವಾದ ಮಾಡಿದ್ನಾ ನಾನು?"

ರಾಜ ರಾಣಿಯೋ, ಅಕ್ಕ ಭಾವನೋ, ವಿಚಾರಿಸಲು ಧೈರ್ಯ ಬರಲಿಲ್ಲ.

"ಮಾಡಿದ್ರಿ ಅಪ್ಪಾ."

ಅವರು ಅತ್ತರು. ಸಮಾಧಾನಕ್ಕೋ ಅವಮಾನಕ್ಕೋ ಇಂದಿಗೂ ತಿಳಿಯದು.

ಸಂಜೆ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ನಮ್ಮನ್ನೇ ಕೇಳಿದ್ದು ಅಂತ ನಿಂಗೆ ಗೊತ್ತಾ?" ಎಂದಳು. ಗೊತ್ತಿಲ್ಲ ಎಂದೆ. "ನಾಳೆ ಬರ್ತೀವಿ. ಅವ್ರನ್ನೇ ಕೇಳ್ತೀನಿ."

ಬಂದರು. ಬಾಗಿಲಲ್ಲಿ ಇಬ್ಬರನ್ನೂ ಕಂಡು ಅಪ್ಪ ಸೆರೆಗೆ ಹೊರಡಲು ಎದ್ದು, ಚಪ್ಪಲಿ ಹುಡುಕತೊಡಗಿದರು. ಅಕ್ಕ ಕೆಳಗೆ ಕೂತು ಒಂದೊಂದಾಗಿ ಹಾಕಿಸಿದಳು. ಏನೂ ಕೇಳಲಿಲ್ಲ.