ಬಚ್ಚಲೊಲೆಯ ಪಕ್ಕ ಇಟ್ಟ ಆಮ್ಲಜನಕದ ಯಂತ್ರ

ಶೃಂಗೇರಿಯ ಮೂಕಾಂಬಿಕಾ ಇಪ್ಪತ್ತು ವರ್ಷ ಔಷಧಿ ಹೊಡೆಯುವ ಪಂಪು, ಪಂಕ್ಚರ್ ಅಂಗಡಿಯ ಕಂಪ್ರೆಸರು ರಿಪೇರಿ ಮಾಡಿದವಳು. ಕೊರೊನಾ ಬಂದಾಗ ಆಮ್ಲಜನಕದ ಯಂತ್ರಕ್ಕೂ ಕೈಹಾಕಿದಳು. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಮೂಗು ಮುರಿದವರೇ ಈಗ ಅವಳಿಗೆ ಫೋನು ಮಾಡುತ್ತಾರೆ. ಮಾಡಲಿ!

ಆ ಬೆಳಿಗ್ಗೆ ಫೋನು ಮಾಡಿದವನು ಪಕ್ಕದ ಮೆಣಸೆಯ ಮುದುಕ ಕರಿಯಣ್ಣ. ಅವನ ಹೆಂಡತಿ ಸಣ್ಣಕ್ಕನ ಶ್ವಾಸಕೋಶ ಕೈಕೊಟ್ಟು ವರ್ಷವಾಗಿತ್ತು. ಯಂತ್ರ ಓಡುತ್ತಲೇ ಇದೆ, ಅವಳ ತುಟಿ ಮಾತ್ರ ನೀಲಿಯಾಗುತ್ತಿದೆ. ಆಂಬುಲೆನ್ಸು ದೂರದ ಕೊಪ್ಪದಿಂದ ಬರಬೇಕು.

ಮೂಕಾಂಬಿಕಾ ಸ್ಕೂಟರಿನಲ್ಲಿ ಹತ್ತೇ ನಿಮಿಷಕ್ಕೆ ತಲುಪಿದಳು. ಬೆರಳಿಗೆ ಮೀಟರು ಹಚ್ಚಿದರೆ ತೊಂಬತ್ತು ದಾಟಬೇಕಾದ ರಕ್ತದ ಆಮ್ಲಜನಕ ಅರವತ್ತೆಂಟು. ಕೂಡಲೇ ಸಣ್ಣಕ್ಕನಿಗೆ ತಾನು ತಂದಿದ್ದ ಚಿಕ್ಕ ಸಿಲಿಂಡರು ಹಚ್ಚಿ, ಕೊಳವೆಯ ಜಾಡು ಹಿಡಿದು ಹೋದಳು. ಯಂತ್ರ ಬಚ್ಚಲೊಲೆಯ ಪಕ್ಕದಲ್ಲಿತ್ತು. ಒಲೆಯ ಮೇಲೆ ಹಂಡೆಯ ನೀರು ಹಬೆಯಾಡುತ್ತಿತ್ತು.

"ಯಂತ್ರಕ್ಕೆ ಥಂಡಿ ತಾಗದ ಹಾಗೆ ಬೆಚ್ಚಗಿಡಿ" ಎಂದು ಹೋದ ತಿಂಗಳು ಫೋನಿನಲ್ಲಿ ಹೇಳಿದ್ದು ಮೂಕಾಂಬಿಕಾಳೇ. ಈ ಕಡೆ ಬೆಚ್ಚಗಿಡುವುದೆಂದರೆ ಬಚ್ಚಲೊಲೆಯ ಪಕ್ಕ. ಬಿತ್ತನೆ ಬೀಜ, ಬೆಂಕಿಪೊಟ್ಟಣ ಎಲ್ಲ ಅಲ್ಲಿಗೇ. ಅವಳ ಮನೆಯಲ್ಲೂ ಹಾಗೇ.

ಯಂತ್ರದ ಎರಡು ಡಬ್ಬಗಳಲ್ಲಿ ಸಾಬಕ್ಕಿಯಂಥ ಕಾಳುಗಳಿರುತ್ತವೆ. ಗಾಳಿಯನ್ನು ಒತ್ತಿ ತುಂಬಿದಾಗ ಸಾರಜನಕ ಕಾಳಿನ ಮೈಗೆ ಅಂಟಿಕೊಳ್ಳುತ್ತದೆ, ಆಮ್ಲಜನಕ ಮುಂದೆ ಸಾಗುತ್ತದೆ. ಒತ್ತಡ ಇಳಿಸಿದರೆ ಅಂಟಿದ್ದು ಬಿಟ್ಟು ಹೊರಡುತ್ತದೆ. ನೀರಿನ ಹಬೆ ಹಾಗಲ್ಲ, ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಹಬೆ ಕೂತ ಕಾಳಿನಲ್ಲಿ ಸಾರಜನಕಕ್ಕೆ ಅಂಟಲು ಜಾಗವಿಲ್ಲದೆ ಅದೂ ಸಣ್ಣಕ್ಕನ ಮೂಗಿಗೇ ಹೋಗುತ್ತಿತ್ತು.

ಅವಳು ಯಂತ್ರವನ್ನು ಜಗಲಿಗೆ ಎಳೆದು ತಂದಳು. ಡಬ್ಬಗಳ ಮುಚ್ಚಳದ ಒಂದು ಸ್ಕ್ರೂ ತುಕ್ಕು ಹಿಡಿದು ಕೂತಿತ್ತು.

"ಇನ್ನೆಷ್ಟು ಹೊತ್ತು ಮೂಕಾಂಬಿಕಮ್ಮ? ಸಿಲಿಂಡರ್ ಮುಗೀತಾ ಬಂತು!"

"ಸುಮ್ನಿರು ಮಾರಾಯ, ಈ ಸ್ಕ್ರೂ ಬಿಡ್ಲಿ."

ಸ್ಕ್ರೂ ಬಿಟ್ಟಿತು. ಚೀಲದಲ್ಲಿ ತಂದಿದ್ದ ಹೊಸ ಡಬ್ಬಗಳ ಸೀಲು ಕಿತ್ತು ಕೂರಿಸುವಷ್ಟರಲ್ಲಿ ಸಿಲಿಂಡರಿನ ಮುಳ್ಳು ಸೊನ್ನೆ ಮುಟ್ಟಿತು. ಗುಂಡಿ ಒತ್ತಿದಳು. ಮೀಟರಿನಲ್ಲಿ ಎಪ್ಪತ್ತನಾಲ್ಕು. ಸಣ್ಣಕ್ಕನ ಕಣ್ಣು ಮೇಲಕ್ಕೆ ಸರಿಯುತ್ತಿತ್ತು. ಎಂಬತ್ತೊಂದು. ಎಂಬತ್ತೆಂಟು. ತೊಂಬತ್ತೆರಡು. ತುಸು ಹೊತ್ತಿಗೆ ತುಟಿಗೆ ಬಣ್ಣ ಬಂತು.

ಕರಿಯಣ್ಣ ಹಣೆ ಚಚ್ಚಿಕೊಂಡ. "ಒಲೆ ಹತ್ರ ಇಟ್ಟು ನಾನೇ ಕೊಲ್ತಿದ್ನಲ್ಲ ಇವಳನ್ನ!"

ಯಾರು ಹೇಳಿದ್ದೆಂದು ಆ ಗಾಬರಿಯಲ್ಲಿ ಅವನಿಗೆ ನೆನಪಿರಲಿಲ್ಲ. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮುದುಕ ಅಳುವುದನ್ನು ಅವಳಿಂದ ನೋಡಲಾಗಲಿಲ್ಲ.

"ಬೆಚ್ಚಗಿಡಿ ಅಂದಿದ್ದು ನಾನು, ಕರಿಯಣ್ಣ. ಹಬೆ ತಾಗಬಾರ್ದು ಅಂತ ಹೇಳ್ಲಿಲ್ಲ. ತಪ್ಪು ನಂದು."

ಸಣ್ಣಕ್ಕ ಮಲಗಿದಲ್ಲಿಂದಲೇ ಅವಳನ್ನು ದಿಟ್ಟಿಸಿದಳು. ಉಸಿರು ಕೂಡಿಸಿಕೊಂಡು ಹೇಳಿದಳು: "ಇನ್ಮೇಲೆ ಫೋನಲ್ಲಿ ಹೇಳ್ಬೇಡ. ಬಂದು ನೋಡಿ ಹೇಳು."